ಎರಡನೇ ಸಾಲಿನ ಜಾಗ

ತಪ್, ತಪ್, ತಪ್, ಆಮೇಲೆ ಒಂದು ಸಣ್ಣ ಸರಕ್. ಮತ್ತೆ ತಪ್, ತಪ್, ತಪ್, ಸರಕ್. ಬೆಳಗಿನ ಐದೂವರೆಗೆ ನನ್ನ ಮಲಗುವ ಕೋಣೆಯ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದು ಇದು. ಅಂಗೈ ಹಿಟ್ಟಿನ ಮೇಲೆ ಬಿದ್ದರೆ ತಪ್, ರೊಟ್ಟಿ ಹಲಗೆಯ ಮೇಲೆ ತಿರುಗಿದರೆ ಸರಕ್. ಮೊದಲ ವಾರ ನನಗೆ ತುಂಬಾ ಇರಿಟೇಶನ್ ಆಗಿತ್ತು. ಎರಡನೇ ವಾರಕ್ಕೆ ಅದು ಕೇಳಿಸುವ ಮೊದಲೇ ಎಚ್ಚರವಾಗಿ, ಕಣ್ಣು ಮುಚ್ಚಿಕೊಂಡೇ ಕಾಯತೊಡಗಿದೆ.

ಲಿಂಗರಾಜಪುರದ ನಮ್ಮ ಮನೆಯ ಒಂದು ಬದಿಯ ಗೋಡೆಗೆ ಆತುಕೊಂಡಂತೆ ಪಕ್ಕದವರು ನಾಲ್ಕು ಬಾಡಿಗೆ ರೂಮು ಕಟ್ಟಿಸಿದ್ದಾರೆ. ಕೊನೆಯ ರೂಮಿಗೆ ಕಲಬುರಗಿ ಕಡೆಯ ಒಂದು ಸಂಸಾರ ಬಂದಿತ್ತು. ಗಂಡ ಗಾರೆ ಕೆಲಸದವನು, ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹೆಂಡತಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಮನೆಗಳಿಗೆ ಕೊಡುತ್ತಿದ್ದಳು. ನಲವತ್ತೈದರ ಆಸುಪಾಸಿನ, ಎತ್ತರದ, ಗಟ್ಟಿ ದನಿಯ ಹೆಂಗಸು. ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು.

ಹಾಡು ಅಂದರೆ ನಮ್ಮ ಕಾನ್ವೆಂಟಿನಲ್ಲಿ ಕಲಿಸಿದಂಥದ್ದಲ್ಲ. ಮೂರೇ ಸಾಲು. ಆದರೆ ಒಂದು ವಿಚಿತ್ರವಿತ್ತು. ಮೊದಲ ಸಾಲು ಹೇಳುವಳು, ಎರಡನೇ ಸಾಲು ಹೇಳುವಳು, ಆಮೇಲೆ ಸುಮ್ಮನಾಗಿಬಿಡುವಳು. ಬಡಿತ ಮಾತ್ರ ನಡೆದೇ ಇರುತ್ತಿತ್ತು. ಒಂದು ಇಡೀ ಸಾಲಿನಷ್ಟು ಹೊತ್ತು ಬರೀ ತಪ್, ತಪ್. ಆಮೇಲೆ ಮೂರನೇ ಸಾಲು.

ನಾನು ಅದನ್ನು ಎಣಿಸಿದೆ. ನಗಬೇಡಿ, ಅದು ನನ್ನ ಹಳೆಯ ಕಾಯಿಲೆ. ಶಾಲೆಯಲ್ಲಿ ನಮಗೊಬ್ಬರು ಎಲೊಕ್ಯೂಶನ್ ಮಿಸ್ ಇದ್ದರು. ಪದ್ಯ ಹೇಳಿಸುವಾಗ ಮರದ ಸ್ಕೇಲಿನಿಂದ ಡೆಸ್ಕಿನ ಮೇಲೆ ಡ-ಡಂ, ಡ-ಡಂ ಎಂದು ಕುಟ್ಟುವರು. ಒಂದು ಬಡಿತ ತಪ್ಪಿದರೆ ಸ್ಕೇಲು ಡೆಸ್ಕು ಬಿಟ್ಟು ನಮ್ಮ ಗೆಣ್ಣಿಗೆ ಬರುತ್ತಿತ್ತು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಎಲ್ಲವೂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿ ಬಂತು, ಜೀವನ ಕಳೆಯುತ್ತ ಕಳೆಯುತ್ತ ಫಸ್ಟ್ ಆಯಿತು. ಮೂವತ್ತು ವರ್ಷ ಒಂದು ಶಾಲೆಯ ಲೈಬ್ರರಿಯಲ್ಲಿ ಕೂತಿದ್ದವಳು ನಾನು, ಪದ್ಯದ ಪುಸ್ತಕಗಳನ್ನು ಯಾರೂ ಕೇಳದೆ ಇದ್ದಾಗ ನಾನೇ ಓದುತ್ತಿದ್ದೆ. ಆದರೂ ಕಿವಿಯಲ್ಲಿ ಇನ್ನೂ ಆ ಸ್ಕೇಲೇ ಇದೆ. ಗೋಡೆಯಾಚೆಯ ಸೈಲೆನ್ಸ್ ಎಂಟು ಬಡಿತ. ಅವಳ ಎರಡನೇ ಸಾಲೂ ಎಂಟು ಬಡಿತ. ಹಾಗಾದರೆ ಅಲ್ಲೊಂದು ಸಾಲು ಇರಬೇಕು, ಅವಳು ಮರೆತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ.

ಪರಿಚಯವಾದದ್ದು ಶುಗರ್‌ನಿಂದ. ಡಾಕ್ಟರು ಅನ್ನ ಕಮ್ಮಿ ಮಾಡಿ ಅಂದರು. ನಾನು ಹಿತ್ತಲಿನ ಮೋಟುಗೋಡೆಯ ಮೇಲಿಂದ ತಲೆ ಹಾಕಿ, "ಏನಮ್ಮ, ನನಗೂ ದಿನಾ ಎರಡು ರೊಟ್ಟಿ ಕೊಡ್ತೀಯಾ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಲ್ಲು ಅವ ಏನ್ರಿ ಅವ್ವಾರ?"

"ಅರ್ಧ ನಂದು, ಅರ್ಧ ಡೆಂಟಿಸ್ಟ್‌ದು."

"ಹಂಗಂದ್ರ ಮೆತ್ತಂದು ಬಡೀತೀನಿ. ಕಟಿ ರೊಟ್ಟಿ ಕೊಟ್ರ ಡಾಕ್ಟರಂದು ಉದುರ್ತಾವ."

ಅಂದಿನಿಂದ ಸಂಜೆ ನಾಲ್ಕಕ್ಕೆ ಡಬ್ಬಿ ಹಿಡಿದು ಬರುತ್ತಿದ್ದಳು. ನಾಲ್ಕಕ್ಕೆ ನನ್ನ ಟೀ. ಹಿಂಬಾಗಿಲ ಮೆಟ್ಟಿಲ ಮೇಲೆ ಅವಳು, ಬೆತ್ತದ ಕುರ್ಚಿಯಲ್ಲಿ ನಾನು. "ಒಳಗೆ ಬಾ" ಎಂದರೆ ಬರುತ್ತಿರಲಿಲ್ಲ. "ಇಲ್ಲಿ ಗಾಳಿ ಛಲೋ ಅದ" ಎನ್ನುವಳು. ನನ್ನ ಟೀ ಅವಳಿಗೆ ನೀರು. ಮೂರನೇ ದಿನವೇ ಒಳಗೆ ಬಂದಳು, ಆದರೆ ಕೂರುವುದಕ್ಕಲ್ಲ, ಪಾತ್ರೆಗೆ ಇನ್ನೆರಡು ಚಮಚ ಸಕ್ಕರೆ ಸುರಿಯುವುದಕ್ಕೆ.

"ಶುಗರ್ ಇದೆ ಅಂತ ಹೇಳಿಲ್ವಾ ನಿನಗೆ?"

"ಇದು ನನ್ನ ಚಾ ರೀ. ನಿಮ್ದು ನೀವು ಕಹಿ ಕುಡೀರಿ."

ನೇರವಾಗಿ ಹೇಳಿಬಿಡುತ್ತೇನೆ. ನನಗೆ ಅವಳ ಸ್ನೇಹ ಬೇಕಿತ್ತು. ಎಪ್ಪತ್ತು ದಾಟಿದ ಮೇಲೆ ಹೊಸ ಫ್ರೆಂಡ್ ಬೇಕು ಎನ್ನುವುದಕ್ಕೆ ಸಂಕೋಚವಾಗುತ್ತದೆ, ಹೊಸ ಚಪ್ಪಲಿ ಕೇಳಿದಷ್ಟು ಸುಲಭವಲ್ಲ. ಶಾಲೆಯ ಗೆಳತಿಯರಲ್ಲಿ ಕೆಲವರು ದೂರ ದೇಶಗಳಲ್ಲಿದ್ದಾರೆ, ಹೆಚ್ಚಿನವರು ಅದಕ್ಕೂ ದೂರ. ನಾವೆಲ್ಲ ಆಟೋಗ್ರಾಫ್ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಪದ್ಯ ಬರೆದುಕೊಂಡವರೇ. ಒಂದು ಸಾಲಿನ ಕೊನೆಗೆ ಫ್ರೆಂಡ್ ಬಂದರೆ ಮುಂದಿನ ಸಾಲಿನ ಕೊನೆಗೆ ಎಂಡ್ ಬರಲೇಬೇಕು, ಬೇರೆ ಪ್ರಾಸ ನಮಗೆ ಗೊತ್ತಿರಲಿಲ್ಲ. ಈ ಹೆಂಗಸು ನಾಲ್ಕು ಗಂಟೆಗೆ ಬಂದು ಹೋದಮೇಲೆ ಆ ಮೆಟ್ಟಿಲು ಖಾಲಿ ಕಾಣುತ್ತಿತ್ತು. ಆದರೆ ಅವಳಿಗೆ ನಾನು ಯಾರು? ರೊಟ್ಟಿ ಕೊಳ್ಳುವ ಹಲವರಲ್ಲಿ ಒಬ್ಬಳು, ಅವ್ವಾರು. ಅಷ್ಟೇನಾ, ಅದಕ್ಕಿಂತ ಸ್ವಲ್ಪ ಹೆಚ್ಚಾ ಎಂಬುದು ತಿಳಿಯದೆ ನಾನು ಹದಿನಾರರ ಹುಡುಗಿಯ ಹಾಗೆ ಒದ್ದಾಡಿದೆ. ಸಿಲ್ಲಿ, ಆದರೆ ನಿಜ.

ಅವಳ ಒಂದು ಪದ, ಹಾಡಿಗೆ ಅವಳು ಹಾಗೇ ಅನ್ನುವುದು, ನನಗೆ ಬಹಳ ಹಿಡಿಸಿತ್ತು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟುಕೊಂಡೆ.

ಹಿಟ್ಟ ನಾದುವ ಮುಂದ ಬಿಟ್ಟು ಬಂದವಳನ್ನ
ಪಟ್ಟಣದಾಗ ನೆನಿತೇನ, ನನ ಗೆಳತಿ,
ಸುಟ್ಟ ರೊಟ್ಟ್ಯಾಗ ನಿನ ಬೆರಳ.

"ಇದು ಯಾರು ಕಟ್ಟಿದ್ದು?" ಎಂದು ಕೇಳಿದರೆ, "ಬಾಯಿಗಿ ಬಂತು, ಅಂದೆ" ಎಂದಳು. ಹಿಟ್ಟ, ಪಟ್ಟಣ, ಸುಟ್ಟ. ಸಾಲಿನ ತಲೆಯಲ್ಲೇ ಪ್ರಾಸ ಇಟ್ಟು ಹೋಗಿದ್ದಳು, ಕೊನೆಯ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಮಾತ್ರ ಎರಡನೇ ಸಾಲು ಮತ್ತು ಮೂರನೇ ಸಾಲಿನ ನಡುವಿನ ಆ ಎಂಟು ಬಡಿತದ ಖಾಲಿಯನ್ನೇ ನೋಡುತ್ತ ಕೂತೆ.

ರಿಚರ್ಡ್ಸ್ ಟೌನಿನಲ್ಲಿ ನಾವು ಹತ್ತು ಹನ್ನೆರಡು ಮುದುಕಿಯರು ತಿಂಗಳಿಗೊಮ್ಮೆ ಸೇರಿ ಕವಿತೆ ಓದುತ್ತೇವೆ. ಆ ನವೆಂಬರಿನಲ್ಲಿ ಎಲ್ಲರೂ ಕನ್ನಡದಲ್ಲೇ ಓದಬೇಕು, ವಿಷಯ ಸ್ನೇಹ ಎಂದು ಗೊತ್ತಾಯಿತು. ಒಬ್ಬಾಕೆ ನನ್ನನ್ನು ಚುಚ್ಚಿದಳು: "ನಿಂದು ಕಂಟೋನ್ಮೆಂಟ್ ಕನ್ನಡ ಕಣೇ, ಆಟೋದವನ ಹತ್ರ ಜಗಳ ಆಡೋಕ್ಕಷ್ಟೇ ಸಾಕು."

ನೋಡ್ತಾ ಇರು ಎಂದುಕೊಂಡೆ. ಮನೆಗೆ ಬಂದು ಆ ಪದಕ್ಕೆ ಕೂತೆ. ಬೆರಳ ಎನ್ನುವುದಕ್ಕೆ ಹೊಂದುವ ಮಾತು ಬೇಕು. ಕೊರಳು? ನೆರಳು! ಎರಡು ಸಂಜೆ ಹೊಡೆದಾಡಿ, ಆ ಖಾಲಿ ಜಾಗಕ್ಕೆ ಹೀಗೊಂದು ಸಾಲು ಮಾಡಿ ಕೂರಿಸಿದೆ: "ಸುಡು ಬಿಸಿಲಿನಲಿ ನೀನೆನ್ನ ನೆರಳ." ನಾಲ್ಕು ಸಾಲಾಯಿತು, ಪ್ರಾಪರ್ ಆಗಿ. ಮಿಸ್ ಇದ್ದಿದ್ದರೆ ಸ್ಕೇಲು ಕೆಳಗಿಡುತ್ತಿದ್ದರು. ಅವಳಿಗೆ, "ನಿನ್ನ ಹಾಡು ನಮ್ಮ ಗುಂಪಿನಲ್ಲಿ ಓದ್ತೀನಿ, ಬರ್ಬೇಕು ನೀನು" ಎಂದೆ. "ಓದ್ರಿ, ಅದಕ್ಕೇನು" ಎಂದಳು. ಸಾಲು ಸೇರಿಸಿದ್ದನ್ನು ಹೇಳಲಿಲ್ಲ. ಸರ್‌ಪ್ರೈಸ್ ಇರಲಿ ಎಂದು.

ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದಿದ್ದಳು. ಮುಂದಿನ ಕುರ್ಚಿಯಲ್ಲೇ ಕೂರಿಸಿದೆ. ನನ್ನ ಸರದಿ ಬಂದಾಗ ಇದು ನನ್ನ ಗೆಳತಿಯ ಪದ ಎಂದು ಹೇಳಿ, ಎದೆಯುಬ್ಬಿಸಿ ಓದಿದೆ. ಎರಡನೇ ಸಾಲಿನವರೆಗೆ ಅವಳು ತಲೆದೂಗುತ್ತಿದ್ದಳು. ನನ್ನ ಸಾಲು ಬಂತು. ತಲೆ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿರುವಾಗ ಅವಳು ಎದ್ದು ಬಾಗಿಲ ಕಡೆ ಹೋದಳು. ನಾನು ಓಡಿಹೋಗುವ ವಯಸ್ಸಿನವಳಲ್ಲ, ಗೇಟು ಮುಟ್ಟುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಏನಾಯ್ತಮ್ಮ? ಚೆನ್ನಾಗಿರ್ಲಿಲ್ವಾ?"

"ತಲಿ ನೋಯ್ಲಾಕತ್ತದ ರೀ. ನೀವು ಒಳಗ ಹೋಗ್ರಿ, ಚಾ ಕೊಡ್ತಾರಂತ."

ನಡೆದೇ ಹೋದಳು.

ಮರುದಿನ ಬೆಳಗ್ಗೆ ತಪ್ ತಪ್ ಇತ್ತು, ಹಾಡು ಇರಲಿಲ್ಲ. ಅದರ ಮರುದಿನವೂ ಇಲ್ಲ. ರೊಟ್ಟಿಯ ಡಬ್ಬಿ ನಾಲ್ಕು ಗಂಟೆಗೆ ಸರಿಯಾಗಿ ಮೋಟುಗೋಡೆಯ ಮೇಲೆ ಬಂದು ಕೂರುತ್ತಿತ್ತು, ಅವಳು ಮಾತ್ರ ಬರುತ್ತಿರಲಿಲ್ಲ. ಎರಡು ಲೋಟ ಟೀ ಮಾಡಿ ಒಂದನ್ನು ಸಿಂಕಿಗೆ ಸುರಿದೆ, ಎಷ್ಟೋ ದಿನ. ನಾನೇನು ತಪ್ಪು ಮಾಡಿದೆ ಎಂದು ಆನೆಸ್ಟ್ಲಿ ನನಗೆ ಗೊತ್ತಾಗಲಿಲ್ಲ. ಬಹುಶಃ ವ್ಯಾಕರಣ, ಬಹುಶಃ ನನ್ನ ಉಚ್ಚಾರ ಎಂದೆಲ್ಲ ಯೋಚಿಸಿದೆ.

ಮೂರನೇ ವಾರ ತಡೆಯಲಾರದೆ ಬೇಕರಿಯಿಂದ ಬೆಣ್ಣೆ ಬಿಸ್ಕೆಟ್ ಕಟ್ಟಿಸಿಕೊಂಡು ಅವಳ ರೂಮಿಗೆ ಹೋದೆ. ಜೋಳ ಹಸನು ಮಾಡುತ್ತಿದ್ದಳು.

"ಯಾಕೆ ಹಾಡ್ತಿಲ್ಲ ನೀನು?"

"ಬಾಯಿಗಿ ಬರವಲ್ದು."

"ನನ್ನಿಂದ ಏನಾದ್ರೂ ತಪ್ಪಾಯ್ತಾ? ಬೈದಾದ್ರೂ ಬಿಡು. ಹೀಗೆ ಸುಮ್ಮನಿರಬೇಡ."

ಅವಳು ಮೊರ ಕೆಳಗಿಟ್ಟಳು. "ಅದು ಆಕಿ ಜಾಗ ರೀ ಅವ್ವಾರ. ಆಕಿ ಜಾಗದಾಗ ಹೋಗಿ ಕುಂತುಬಿಟ್ರಿ ನೀವು."

ಆಮೇಲೆ ನಿಧಾನವಾಗಿ ಹೇಳಿದಳು. ಊರಿನಲ್ಲಿ ಅವಳಿಗೊಬ್ಬ ಗೆಳತಿ ಇದ್ದಾಳೆ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು, ಒಂದೇ ಗೋಡೆಯ ಆಚೆ ಈಚೆ. ಅಡುಗೆಯ ಒಲೆಯೂ ಒಂದೇ ಅನ್ನುವಂತೆ ಬಾಳಿದರು. ಇವಳು ರೊಟ್ಟಿ ಬಡಿದು ಸಾಲು ಎತ್ತಬೇಕು, ಅವಳು ಹಂಚಿನ ಮೇಲೆ ಸುಡುತ್ತ ಎರಡನೇ ಸಾಲನ್ನು ತಿರುಗಿ ಹೇಳಬೇಕು. ಅವಳು ತಿರುಗಿ ಹೇಳಿದ ಮೇಲೆಯೇ ಇವಳು ಮೂರನೆಯದಕ್ಕೆ ಹೋಗುವುದು. ಇವಳ ಸಂಸಾರ ಬೆಂಗಳೂರಿಗೆ ಹೊರಟ ದಿನ ಗೆಳತಿ ಬಸ್ಸಿನ ಕಿಟಕಿಗೆ ಬಂದು ಹೇಳಿದಳಂತೆ: ನೀ ಅಲ್ಲಿ ಎತ್ತು, ನಾ ಇಲ್ಲಿಂದ ಅಂತೀನಿ, ಒಲಿ ಹಚ್ಚೂ ಹೊತ್ತು ಒಂದೇ ಇರಲಿ.

"ಅಂದ್ರೆ ನೀನು ಸುಮ್ಮನಾಗೋದು..."

"ಆಕಿ ಅನ್ಲಾಕತ್ತಿರ್ತಾಳ್ರಿ. ಆಕಿ ಅನ್ನೂತನಾ ನಾ ಸುಮ್ಮ ಇರಬೇಕಲ್ಲ?"

"ಫೋನ್ ಇದೆಯಲ್ಲಮ್ಮ ನಿಮ್ಮಿಬ್ರ ಹತ್ರಾನೂ."

"ಫೋನಿನಾಗ ಮಳಿ, ಮಕ್ಕಳ ಸಾಲಿ, ಆಕಿ ಸೊಸಿ, ಇವೇ ಮಾತು. ಫೋನ್ ಹಿಡಕೊಂಡು ಯಾರರ ರೊಟ್ಟಿ ಬಡೀತಾರೇನ್ರಿ?"

"ಅವಳು ಅಲ್ಲಿ ನಿಜವಾಗ್ಲೂ ಹೇಳ್ತಿರ್ತಾಳೆ ಅಂತ ನಿನಗೆ ಹೇಗೆ ಗೊತ್ತು?"

ಅವಳು ನನ್ನನ್ನು ಮಗುವನ್ನು ನೋಡಿದ ಹಾಗೆ ನೋಡಿದಳು. "ನೀವು ಸಂಜಿಮುಂದ ದೀಪ ಹಚ್ಚಿ ದೇವರ ಮುಂದ ಏನೇನೋ ಅಂತೀರಲ್ಲ. ಆಂವ ಕೇಳ್ತಾನ ಅಂತ ನಿಮಗ ಹ್ಯಾಂಗ ಗೊತ್ತು?"

ನಾನು ಬಿಸ್ಕೆಟ್ ಪೊಟ್ಟಣ ಹಿಡಿದುಕೊಂಡು ಕೂತಿದ್ದೆ. ಆಗ ನೆನಪಿಗೆ ಬಂದದ್ದು ನಮ್ಮ ಶಾಲೆಯ ಚಾಪೆಲ್. ಹಿಂದೂ ಹುಡುಗಿಯರಾದ ನಾವು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಮುಂದೆ ನಿಂತ ಸಿಸ್ಟರ್ ಪ್ರಾರ್ಥನೆಯಲ್ಲಿ ಒಂದೊಂದೇ ಸಂತರ ಹೆಸರು ಕರೆಯುವರು, ಪ್ರತಿ ಹೆಸರಿಗೂ ಎಲ್ಲರೂ "ನಮಗಾಗಿ ಪ್ರಾರ್ಥಿಸಿ" ಎಂಬ ಅದೇ ಒಂದು ಮಾತನ್ನು ತಿರುಗಿ ಹೇಳಬೇಕು. ಒಂದು ಮಳೆಯ ದಿನ ಹುಡುಗಿಯರು ಕಮ್ಮಿ, ನಮ್ಮ ಗಮನ ಎಲ್ಲೋ ಇತ್ತು, ಯಾರೂ ಹೇಳಲಿಲ್ಲ. ಸಿಸ್ಟರ್ ಮುಂದಿನ ಹೆಸರಿಗೆ ಹೋಗಲಿಲ್ಲ. ಬೈಯಲೂ ಇಲ್ಲ. ಪುಸ್ತಕ ಹಿಡಿದು ಸುಮ್ಮನೆ ಕಾದರು. ಆ ಸೈಲೆನ್ಸ್ ನನಗೆ ಆಗ ಅರ್ಥವಾಗಿತ್ತು. ಎಪ್ಪತ್ತರಲ್ಲಿ ಅದನ್ನೇ ಮರೆವು ಎಂದುಕೊಂಡೆ. ಪುನರಾವರ್ತನೆ ಅಂದರೆ ಅಲಂಕಾರ, ಇಲ್ಲದಿದ್ದರೆ ಸೋಮಾರಿತನ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವಳು ನಾನು. ಇನ್ನೊಬ್ಬರು ಬಂದು ಕೂರಲಿ ಎಂದು ಬಿಡುವ ಜಾಗವೂ ಅದೇ ಎಂದು ಯಾರೂ ಬರೆಸಿರಲಿಲ್ಲ.

"ಸಾರಿ ಕಣಮ್ಮ," ಎಂದೆ. "ನನಗೆ ಗೊತ್ತಾಗ್ಲಿಲ್ಲ. ಗೊತ್ತಿಲ್ಲದೆ ಅಷ್ಟು ಜನರ ಮುಂದೆ..."

"ಗೊತ್ತಿಲ್ಲಂದ್ರ ಕೇಳಬೇಕಿತ್ರಿ. ಗ್ವಾಡಿ ದಾಟಿದ್ರ ನಮ್ಮ ಮನಿ."

"ಹೌದು. ಕೇಳಬೇಕಿತ್ತು."

"ಅದೂ ನಿಮ್ಮ ಸಾಲು!" ಎಂದು ಅವಳು ಒಮ್ಮೆಲೇ ನಕ್ಕಳು. "ಬಾಲ ಹಿಡದೀರಿ ರೀ ಅವ್ವಾರ. ಬೆರಳ, ನೆರಳ! ಎಮ್ಮಿ ಬಾಲ ಹಿಡಕೊಂಡ್ರ ಎಮ್ಮಿ ನಿಂದರ್ತದೇನು? ಕೊಂಬು ಹಿಡೀಬೇಕು."

"ಎಮ್ಮೆ ಕೊಂಬು ಹಿಡಿಯೋಕೆ ಕಾನ್ವೆಂಟಲ್ಲಿ ಕಲಿಸಲ್ಲ."

"ಕಾಣಿಸ್ತು," ಎಂದಳು, ಬಿಸ್ಕೆಟ್ ಬಿಚ್ಚುತ್ತ.

ಎರಡು ದಿನ ಬಿಟ್ಟು ಬೆಳಗ್ಗೆ ಹಾಡು ಬಂತು. ಎರಡನೇ ಸಾಲು ಮುಗಿದಾಗ ನಾನು ಹಾಸಿಗೆಯಲ್ಲಿ ಉಸಿರು ಬಿಗಿ ಹಿಡಿದು ಮಲಗಿದ್ದೆ, ಎಂಟು ಬಡಿತವೂ.

ಟೀ ಮತ್ತೆ ಶುರುವಾಯಿತು. ಒಂದು ಸಂಜೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ನನ್ನ ಮೇಲೂ ಒಂದು ಪದ ಕಟ್ಟಮ್ಮ." ಈ ವಯಸ್ಸಿನಲ್ಲಿ ಇದೇನು ಭಿಕ್ಷೆ ಎನಿಸಿತು.

"ಎದ್ರಿಗಿ ಕುಂತೋರ ಮ್ಯಾಲ ಯಾರರ ಕಟ್ತಾರೇನ್ರಿ?" ಎಂದಳು. "ದೂರ ಇದ್ದೋರಿಗಿ ಹಾಡೂದು. ಎದ್ರಿಗಿದ್ದೋರ ಕೂಡ ಜಗಳಾಡೂದು. ಚಾದಾಗ ಇವತ್ತೂ ನೀರೇ ಸುರದೀರಿ ನೋಡ್ರಿ."

ನನಗೆ ಬೇಜಾರೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಜಗಳ ಆಡುವವರ ಪಟ್ಟಿಯಲ್ಲಾದರೂ ಇದ್ದೇನಲ್ಲ. ಆದರೆ ಪಟ್ಟಿ ಪಟ್ಟಿಯೇ. ಅಲ್ಲಿ ದೂರದಲ್ಲಿ ಇನ್ನೊಬ್ಬಳು ಹಂಚಿನ ಮುಂದೆ ಕೂತು ದಿನಾ ಒಂದು ಸಾಲಿಗೆ ಹಕ್ಕುದಾರಳಾಗಿದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ.

ಮುಂದಿನ ಬೇಸಿಗೆಯಲ್ಲಿ ಆ ಗೆಳತಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಸುದ್ದಿ ಬಂದ ಸಂಜೆ ಇವಳು ಮೆಟ್ಟಿಲ ಮೇಲೆ ಕೂರಲೇ ಇಲ್ಲ.

"ಹೋಗ್ತೀನ್ರಿ. ಆಕಿ ಸೊಸಿ ರೊಟ್ಟಿ ಬಡ್ಯಾಂಗಿಲ್ಲ. ನಾ ಬಡೀತೀನಿ, ಆಕಿ ಎಡಗೈಲೆ ಸುಡ್ತಾಳ."

"ಇಲ್ಲಿ ನಿನ್ನ ಮನೆ? ಮಕ್ಕಳು?"

"ಸಾಲಿ ಸೂಟಿ ಅದ, ಕರಕೊಂಡ್ ಹೋಗ್ತೀನಿ. ಇವರು ಹೋಟೆಲ್ದಾಗ ಉಣ್ತಾರ. ಎರಡು ತಿಂಗಳ ಮಾತು."

ಹೋಗಬೇಡ ಎಂದು ನಾಲಿಗೆಯ ತುದಿಗೆ ಬಂತು. ಆ ಗೆಳತಿಯ ಜಾಗಕ್ಕೆ ಒಮ್ಮೆ ಹೋಗಿ ಕೂತವಳು ನಾನು, ಇನ್ನೊಮ್ಮೆ ಬೇಡ. "ಹೋಗು," ಎಂದೆ. "ಬೇಗ ಹೋಗು. ಮುರಿದ ಕೈಯಲ್ಲಿ ಅವಳೆಷ್ಟು ಒದ್ದಾಡ್ತಿರ್ತಾಳೋ."

ಅವಳು ಹೊರಟವಳು ನಿಂತಳು. ಮೋಟುಗೋಡೆಗೆ ಒರಗಿ, ಎತ್ತಲೋ ನೋಡುತ್ತ, ಹಿಟ್ಟಿಲ್ಲದ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ಬಡಿಯುತ್ತ ಹೇಳಿದಳು:

ಗ್ವಾಡಿ ಆ ಕಡಿ ಕುಂತು ಹಾಡ ಕೇಳಿದ ಜೀವ
ನಾಡ ಬಿಟ್ಟರೂ ಬಿಡಲಾರೆ, ನನ್ನವ್ವಾರ,

ಅಷ್ಟಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದಳು. ಅಂಗೈ ಬಡಿಯುತ್ತಲೇ ಇತ್ತು. ನನಗೆ ಮೊದಲು ಹೊಳೆಯಲಿಲ್ಲ. "ಅನ್ರಿ!" ಎಂದು ಗದರಿದಳು. ನಾನು ತಡವರಿಸಿಕೊಂಡು, ಕಂಟೋನ್ಮೆಂಟ್ ನಾಲಿಗೆಯಲ್ಲೇ, ಎರಡನೇ ಸಾಲನ್ನು ತಿರುಗಿ ಹೇಳಿದೆ. ಆಗ ಮೂರನೆಯದನ್ನು ಬಿಟ್ಟುಕೊಟ್ಟಳು.

ಕೂಡಿ ಕುಡದೇವಿ ಬಿಸಿ ಚಹ.

"ಐದೂವರಿ ಆಕಿದು," ಎಂದಳು. "ನಿಮಗ ನಾಕು. ನಾಕಕ್ಕ ನಾ ಅಲ್ಲಿ ಎತ್ತತೀನಿ. ನೀವು ಮಕ್ಕೊಂಡ್ರ ನಾ ಮುಂದಿನ ಸಾಲಿಗಿ ಹ್ಯಾಂಗ ಹೋಗ್ಲಿ? ಎಚ್ಚರ ಇರ್ರಿ."

ಎರಡು ತಿಂಗಳು ಮುಗಿಯಿತು, ಅವಳು ಬರಲಿಲ್ಲ. ಮಕ್ಕಳನ್ನು ಅಲ್ಲಿಯ ಶಾಲೆಗೇ ಸೇರಿಸಿದರು. ಗಂಡನಿಗೆ ಊರಿನ ಹತ್ತಿರವೇ ಕಟ್ಟಡದ ಕೆಲಸ ಸಿಕ್ಕಿತು, ಅವನು ಬಂದು ರೂಮು ಖಾಲಿ ಮಾಡಿಕೊಂಡು ಹೋದ. ಫೋನ್ ಮಾಡುತ್ತಾಳೆ. ಮಳಿ, ಸಾಲಿ, ಗೆಳತಿಯ ಸೊಸಿ. ನಾಲ್ಕು ಗಂಟೆಯ ವಿಷಯ ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ದಿನಾ ಆ ಹೊತ್ತಿಗೆ ಹಿಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನನ್ನ ಸಾಲನ್ನು ಜೋರಾಗಿಯೇ ಹೇಳುತ್ತೇನೆ. ಕೆಲಸದವಳು ಮೊದಮೊದಲು, "ನನ್ನ ಕರೆದ್ರಾ ಆಂಟಿ?" ಎಂದು ಓಡಿ ಬರುತ್ತಿದ್ದಳು.

ಅವಳನ್ನು ಕೊನೆಯ ಸಲ ನೋಡಿದ್ದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಅವಳು ಊರಿಗೆ ಹೊರಟ ಸಂಜೆ. ಬೇಡ ಬೇಡ ಎಂದರೂ ಆಟೋ ಮಾಡಿಕೊಂಡು ಹೋಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಹೆಣ್ಣುಮಕ್ಕಳು ಕಿಟಕಿಯಿಂದ ಕೈ ಹೊರಚಾಚಿದ್ದರು, ಒಂದೊಂದನ್ನೂ ಹಿಡಿದು ಬಿಟ್ಟೆ. ಅವಳು ಮಾತ್ರ ನನ್ನ ಕಡೆ ಬೆನ್ನು ಹಾಕಿ ಬಗ್ಗಿದ್ದಳು. ಸೀಟಿನ ಕೆಳಗೆ ಯಾರದೋ ದೊಡ್ಡ ಸೂಟ್‌ಕೇಸು ಅವಳ ಚೀಲಕ್ಕೆ ಜಾಗ ಬಿಟ್ಟಿರಲಿಲ್ಲ. "ಏ ಅಣ್ಣಾ, ಇದೇನು ನಿಮ್ಮಪ್ಪನ ಮನಿ ಪಡಸಾಲಿ ಏನು? ಸರಸು, ಸರಸು," ಎಂದು ಆ ಸೂಟ್‌ಕೇಸಿನವನನ್ನು ದಬಾಯಿಸುತ್ತಿದ್ದಳು. ಆತ ಏನೋ ಗೊಣಗಿದ. ಅವಳು ಇನ್ನಷ್ಟು ಗಟ್ಟಿಯಾಗಿ ಏನೋ ಅಂದಳು, ಸುತ್ತಲಿನವರು ನಕ್ಕರು. ಗಾಡಿ ಹೊರಟಿತು. ಹಸಿರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿನಿಂದ ಚೀಲವನ್ನು ಒಳಗೆ ದಬ್ಬುತ್ತಿದ್ದಳು.